ಅಂತರಂಗದ ಸಾಧನೆಯಿಂದ ಗುರಿಯೂ ಸಿರಿಯೂ ಕೈಗೂಡುವವೇ? ಹೊಲಿಗೆ ಅಂಗಡಿ ನಡೆಸುವವಳ ಪ್ರಶ್ನೆ

ಪ್ರಶ್ನೆ: ಸೂಜಿದಾರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಾಲ್ಕು ಮಷೀನುಗಳ ಸಣ್ಣ ಹೊಲಿಗೆ ಅಂಗಡಿಯನ್ನು ನಡೆಸುತ್ತಿದ್ದೇನೆ. ವರ್ಷವಿಡೀ ರವಿಕೆ, ಫಾಲ್, ಸೀರೆ ಕುಚ್ಚಿನ ಕೆಲಸ ಇರುತ್ತದೆ. ಶಾಲೆ ತೆರೆಯುವ ಹೊತ್ತಿಗೆ ಸಮವಸ್ತ್ರ, ಮದುವೆಯ ಹಂಗಾಮಿನಲ್ಲಿ ಆರಿ ವರ್ಕ್ ಬರುತ್ತದೆ. ನನ್ನೊಂದಿಗೆ ಮೂವರು ಹೆಣ್ಣುಮಕ್ಕಳು ದುಡಿಯುತ್ತಾರೆ. ಬಡ್ಡಿಗೆ ತಂದ ಕೈಸಾಲ ತೀರಬೇಕು, ಒಂದು ಕಂಪ್ಯೂಟರ್ ಕಸೂತಿ ಯಂತ್ರವನ್ನು ಕೊಳ್ಳಬೇಕು, ಇನ್ನಿಬ್ಬರಿಗೆ ಕೆಲಸ ಕೊಡುವಷ್ಟು ಅಂಗಡಿ ಬೆಳೆಯಬೇಕು ಎಂಬುದು ನನ್ನ ಗುರಿ.

ಪರಿಚಯದವರೊಬ್ಬರ ಒತ್ತಾಯಕ್ಕೆ ಇತ್ತೀಚೆಗೆ ಒಂದು ಸಮೃದ್ಧಿ ಶಿಬಿರಕ್ಕೆ ಹೋಗಿ ಬಂದೆ. ‘ನನ್ನ ಖಾತೆಯಲ್ಲಿ ಹತ್ತು ಲಕ್ಷ ರೂಪಾಯಿ ಇದೆ’ ಎಂದು, ಅದು ಆಗಲೇ ಬಂದುಬಿಟ್ಟಿದೆ ಎಂಬಂತೆ ದಿನವೂ ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದು ಅಲ್ಲಿ ಹೇಳಿಕೊಟ್ಟರು. ಸಾಲದ ಕಡೆಗೆ ಗಮನ ಕೊಟ್ಟರೆ ಸಾಲವೇ ಹೆಚ್ಚುತ್ತದೆ, ಆದ್ದರಿಂದ ಅದನ್ನು ನೆನೆಯಲೇಬಾರದು ಎಂದೂ ಹೇಳಿದರು. ಎರಡನೆಯ ಹಂತದ ಶಿಬಿರಕ್ಕೆ ಶುಲ್ಕ ಇನ್ನೂ ಹೆಚ್ಚು. ಸೇರುವುದೋ ಬಿಡುವುದೋ ಎಂದು ಈ ತಿಂಗಳಲ್ಲಿ ತಿಳಿಸಬೇಕಾಗಿದೆ.

ನಮ್ಮ ಮನೆಯಲ್ಲಿ ಎಲ್ಲರೂ ಇಷ್ಟಲಿಂಗ ಪೂಜೆ ಮಾಡುವವರು. ‘ಲಿಂಗ ಅಂಗೈಯಲ್ಲಿರುವಾಗ ದುಡ್ಡು ಬೇಡಬಾರದಮ್ಮ’ ಎಂದು ನಮ್ಮ ತಂದೆಯವರು ಹೇಳುತ್ತಾರೆ. ಆದರೆ ಬೆಳಿಗ್ಗೆ ಕಣ್ಣು ಮುಚ್ಚಿದರೆ ನನ್ನ ಮನಸ್ಸು ಎದುರು ಸಾಲಿನಲ್ಲಿ ಹೊಸದಾಗಿ ತೆರೆದಿರುವ ಬೊಟಿಕ್‌ನ ಗಿರಾಕಿಗಳನ್ನು ಎಣಿಸುತ್ತಿರುತ್ತದೆ. ಬೆಳೆಯಬೇಕೆಂಬ ಆಸೆಯೇ ಸಾಧನೆಗೆ ಅಡ್ಡಿಯೇ? ಅಡ್ಡಿಯಲ್ಲವಾದರೆ, ಅಂತರಂಗದ ಸಾಧನೆಯು ಇಂಥ ಗುರಿಗಳಿಗೆ ನಿಜವಾಗಿ ನೆರವಾಗುವುದು ಹೇಗೆ? ಓದಿದವರೂ ಅನುಭವವುಳ್ಳವರೂ ದಯವಿಟ್ಟು ತಿಳಿಸಬೇಕು.

ಉತ್ತರ: ವಚನಾಭ್ಯಾಸಿ, ಧಾರವಾಡ

ತಾವು ಇಷ್ಟಲಿಂಗ ಪೂಜೆಯ ಮನೆಯವರಾದ್ದರಿಂದ ಹನ್ನೆರಡನೆಯ ಶತಮಾನದ ಕಲ್ಯಾಣದಿಂದಲೇ ಆರಂಭಿಸುತ್ತೇನೆ. ಶರಣರು ಹಣವನ್ನು ಮುಟ್ಟದ ವಿರಾಗಿಗಳಾಗಿರಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಒಂದು ರಾಜ್ಯದ ಬೊಕ್ಕಸದ ಲೆಕ್ಕ ಅವರ ಕೈಯಲ್ಲಿತ್ತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಇವರೆಲ್ಲ ಕೆಲಸದಿಂದಲೇ ಬದುಕಿದವರು, ಕೆಲಸದ ಹೆಸರಿನಿಂದಲೇ ಇಂದಿಗೂ ಗುರುತಿಸಲ್ಪಡುವವರು. ಈ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರೂ ಇದ್ದಾರೆ. ತಮ್ಮ ವೃತ್ತಿಯವರೊಬ್ಬರು ಆ ಪರಂಪರೆಯಲ್ಲಿ ಇದ್ದರೆಂಬುದನ್ನು ತಾವು ತಿಳಿದಿರಬೇಕು.

ತಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ. ಅವರು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕವಾಗಿತ್ತು. ‘ಕಾಯಕವೇ ಕೈಲಾಸ’ ಎಂಬ ಮಾತನ್ನು ಅನೇಕ ಕಡೆ ಬಸವಣ್ಣನವರ ಹೆಸರಿನಲ್ಲಿ ಬರೆದಿರುತ್ತಾರೆ. ಅದು ಬರುವುದು ಈ ಮಾರಯ್ಯನವರ ವಚನದಲ್ಲಿ. ಕಾಯಕದಲ್ಲಿ ತೊಡಗಿರುವಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಎಂದು ಆ ವಚನ ಹೇಳುತ್ತದೆ. ಎಂದರೆ ಬೆಳಗಿನ ಪೂಜೆಯಲ್ಲಿ ಸಾಧನೆ, ಆಮೇಲೆ ಅಂಗಡಿಯಲ್ಲಿ ಸಂಸಾರ ಎಂಬ ಪಾಲು ಅಲ್ಲಿ ಇಲ್ಲವೇ ಇಲ್ಲ. ತಾವು ರವಿಕೆಗೆ ಗುರುತು ಹಾಕಿ ಕತ್ತರಿಸುವ ಹೊತ್ತು ಸಾಧನೆಯ ಹೊತ್ತೇ ಆಗಿದೆ.

ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ. ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’ ಎಂದು ಕೇಳಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಇದನ್ನು ಬಡತನದ ಹೊಗಳಿಕೆ ಎಂದು ಓದುವವರಿದ್ದಾರೆ. ನನಗೆ ಆ ಓದು ಒಪ್ಪಿಗೆಯಾಗುವುದಿಲ್ಲ. ಲಕ್ಕಮ್ಮನವರು ಕಾಯಕವನ್ನು ನಿಲ್ಲಿಸಲು ಹೇಳಲಿಲ್ಲ, ಅತಿಥಿಗಳಿಗೆ ಉಣಬಡಿಸುವುದನ್ನೂ ನಿಲ್ಲಿಸಲಿಲ್ಲ. ಇಂದು ಕೈಗೆ ಬಂದದ್ದು ದುಡಿಮೆಯ ಅಳತೆಗೆ ಸರಿಯಾಗಿ ಬಂದಿತೇ ಅಥವಾ ನಾಳೆಯ ಭಯದಿಂದ ಬಾಚಿಕೊಂಡದ್ದೇ ಎಂದು, ಅಕ್ಕಿ ಮನೆಯ ಹೊಸ್ತಿಲು ದಾಟುವ ಗಳಿಗೆಯಲ್ಲಿಯೇ ಪರೀಕ್ಷಿಸಿದರು. ಅಂತರಂಗದ ಸಾಧನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನವನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಅದು ಬೇಡಗಳ ಸಾಲನ್ನು ಮುಗಿಸಿ ‘ಇದೇ ಅಂತರಂಗ ಶುದ್ಧಿ, ಇದೇ ಬಹಿರಂಗ ಶುದ್ಧಿ’ ಎನ್ನುತ್ತದೆ. ಅದನ್ನು ತಮ್ಮ ಅಂಗಡಿಯ ಮೇಜಿನ ಮೇಲಿಟ್ಟು ಓದಿ ನೋಡಿ. ಗಿರಾಕಿ ಕೊಟ್ಟ ಬಟ್ಟೆಯಲ್ಲಿ ಉಳಿದ ಅರ್ಧ ಮೀಟರ್ ಯಾರದು? ಶುಕ್ರವಾರ ಆಗುವುದಿಲ್ಲವೆಂದು ಗೊತ್ತಿದ್ದೂ ‘ಶುಕ್ರವಾರ ಬನ್ನಿ’ ಎಂದು ಹೇಳಿದ್ದು ಹುಸಿಯೋ ಅಲ್ಲವೋ? ತೋಳನ್ನು ಅದಲುಬದಲಾಗಿ ಕೂಡಿಸಿದ ಹುಡುಗಿಯ ಮೇಲೆ ಗಿರಾಕಿಗಳೆದುರಿಗೆ ಮುನಿದದ್ದು ಅಂಗಡಿಗೆ ಲಾಭವಾಯಿತೇ? ಎದುರಿನ ಬೊಟಿಕ್‌ನವರ ಹೊಲಿಗೆ ಸರಿಯಿಲ್ಲವೆಂದು ಆಡಿದ ಮಾತು ‘ಇದಿರ ಹಳಿಯಲು ಬೇಡ’ ಎಂಬುದರೊಳಗೆ ಬರುವುದಿಲ್ಲವೇ? ಅಂತರಂಗ ಮತ್ತು ವ್ಯವಹಾರ ಕೂಡುವ ಜಾಗಗಳು ಇವೇ. ಇಲ್ಲಿ ಶುದ್ಧವಾಗಿ ನಡೆಯುವವರಿಗೆ ಗಿರಾಕಿಯ ನಂಬಿಕೆ ದಕ್ಕುತ್ತದೆ, ಕೆಲಸದವರು ಬಿಟ್ಟುಹೋಗುವುದಿಲ್ಲ, ಮನಸ್ಸಿಗೆ ಅಡಗಿಸಿಡಬೇಕಾದ್ದು ಏನೂ ಇರುವುದಿಲ್ಲವಾದ್ದರಿಂದ ಕೈ ಕೆಲಸದಲ್ಲಿ ನಿಲ್ಲುತ್ತದೆ.

ಆದರೂ ಹೇಳಲೇಬೇಕಾದ ಇನ್ನೊಂದು ಮಾತಿದೆ. ಹೀಗೆ ನಡೆದರೆ ಸಿರಿ ಬಂದೇ ಬರುತ್ತದೆ ಎಂದು ಶರಣರು ಯಾರಿಗೂ ಕರಾರು ಬರೆದುಕೊಟ್ಟಿಲ್ಲ. ಕಡೆಗೆ ಅವರೇ ಕಲ್ಯಾಣವನ್ನು ಬಿಟ್ಟು ಚದುರಿಹೋಗಬೇಕಾಯಿತು. ಆದ್ದರಿಂದ ಹಣ ಕೊಟ್ಟವರಿಗೆ ಸಮೃದ್ಧಿಯ ಖಾತರಿ ನೀಡುವ ಯಾವ ಸಾಧನೆಯನ್ನೂ ನಾನು ಆ ಪರಂಪರೆಯ ಹೆಸರಿನಲ್ಲಿ ಒಪ್ಪಲಾರೆ.

ಉತ್ತರ: ಮನಶ್ಶಾಸ್ತ್ರ ಬೋಧಕಿ, ಶಿವಮೊಗ್ಗ

ಧಾರವಾಡದ ಹಿರಿಯರು ಶಾಸ್ತ್ರದ ಭಾಗವನ್ನು ಹೇಳಿದ್ದಾರೆ. ನಾನು ಶಿಬಿರದಲ್ಲಿ ಕಲಿಸಿದ ಎರಡು ವಿಷಯಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಇವೆರಡನ್ನೂ ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ.

ಮೊದಲನೆಯದು, ಫಲ ಬಂದಾಯಿತು ಎಂದು ಕಲ್ಪಿಸಿಕೊಳ್ಳುವುದು. ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ವಿದ್ಯಾರ್ಥಿಗಳಿದ್ದರು. ಕೆಲವರಿಗೆ ಒಳ್ಳೆಯ ಅಂಕ ಬಂದ ಸಂತೋಷವನ್ನು ದಿನವೂ ಕಲ್ಪಿಸಿಕೊಳ್ಳಲು ಹೇಳಲಾಯಿತು. ಇನ್ನು ಕೆಲವರಿಗೆ ತಾವು ಪುಸ್ತಕ ತೆರೆದು, ಟಿಪ್ಪಣಿ ಮಾಡಿಕೊಂಡು, ಅಡ್ಡಿಗಳನ್ನು ಬದಿಗಿಟ್ಟು ಓದುತ್ತಿರುವ ಬಗೆಯನ್ನು ಕಲ್ಪಿಸಿಕೊಳ್ಳಲು ಹೇಳಲಾಯಿತು. ಓದುವ ಬಗೆಯನ್ನು ಕಲ್ಪಿಸಿಕೊಂಡವರು ಹೆಚ್ಚು ಓದಿದರು, ಹೆಚ್ಚು ಅಂಕವನ್ನೂ ಪಡೆದರು. ಜರ್ಮನ್ ಸಂಶೋಧಕಿ ಗೇಬ್ರಿಯೆಲ್ ಓಟಿಂಗೆನ್ ಅವರು ತೂಕ ಇಳಿಸಿಕೊಳ್ಳಲು ಬಂದ ಮಹಿಳೆಯರ ಬಗ್ಗೆ ಸಹೋದ್ಯೋಗಿಯೊಬ್ಬರೊಡನೆ 1991ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದ್ದನ್ನೇ ಹೇಳುತ್ತದೆ. ಯಾರ ಹಗಲುಗನಸು ಹೆಚ್ಚು ಸಿಹಿಯಾಗಿತ್ತೋ ಅವರ ತೂಕ ಕಡಿಮೆ ಇಳಿಯಿತು. ಆದರೆ ನನ್ನಿಂದ ಇದು ಸಾಧ್ಯ ಎಂಬ ನಿರೀಕ್ಷೆ ಉಳ್ಳವರು ಹೆಚ್ಚು ಇಳಿಸಿಕೊಂಡರು. ನಂಬಿಕೆ ಬೇರೆ, ಕನಸಿನಲ್ಲಿ ಉಂಡು ತೃಪ್ತರಾಗುವುದು ಬೇರೆ. ಗುರಿಯನ್ನೂ ಅದಕ್ಕೆ ಅಡ್ಡವಾಗಿ ತಮ್ಮೊಳಗೇ ಇರುವ ತೊಡಕನ್ನೂ ಒಟ್ಟಿಗೆ ಎದುರಿಗಿಟ್ಟುಕೊಂಡು, ‘ಇಂಥದ್ದು ಎದುರಾದಾಗ ಹೀಗೆ ಮಾಡುತ್ತೇನೆ’ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕೆಂಬುದು ಓಟಿಂಗೆನ್ ಅವರ ಸಲಹೆ. ತಮ್ಮ ನೋಟ್‌ಬುಕ್ಕಿಗೆ ಈ ಉಪಯೋಗವಿದೆ. ಹತ್ತು ಲಕ್ಷವನ್ನು ಬರೆಯುವ ಜಾಗದಲ್ಲಿ, ‘ಪೂಜೆಯ ಹೊತ್ತಿಗೆ ಎದುರಿನ ಅಂಗಡಿ ನೆನಪಾದರೆ, ಇಂದು ನಾನು ಒಪ್ಪಿಸಬೇಕಾದ ಮೊದಲ ರವಿಕೆಯ ಕಡೆಗೆ ಮನಸ್ಸನ್ನು ತರುತ್ತೇನೆ’ ಎಂದು ಬರೆದು ನೋಡಿ.

ಎರಡನೆಯದು, ಸಾಲದ ಕಡೆ ನೋಡಬಾರದು ಎಂಬ ಉಪದೇಶ. ಇದನ್ನು ಓದಿ ನನಗೆ ತುಂಬ ಸಂಕಟವಾಯಿತು. ತಮಿಳುನಾಡಿನ ಕಬ್ಬು ಬೆಳೆಗಾರರ ಬಗ್ಗೆ ಆನಂದಿ ಮಣಿ, ಸೆಂದಿಲ್ ಮುಲ್ಲೈನಾಥನ್ ಮತ್ತವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟಾವಿಗೆ ಮುಂಚೆ ಕೈ ಬಿಗಿಯಾಗಿದ್ದಾಗ ಆಲೋಚನೆಯ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದ ಅದೇ ರೈತರು, ಕಟಾವಿನ ಹಣ ಬಂದ ಮೇಲೆ ಹೆಚ್ಚು ಅಂಕ ಪಡೆದರು. ಹಣದ ಚಿಂತೆ ನಾವು ಬೇಡವೆಂದರೂ ಮನಸ್ಸಿನ ಶಕ್ತಿಯನ್ನು ಬಳಸಿಕೊಳ್ಳುತ್ತಲೇ ಇರುತ್ತದೆ. ಸಾಲದ ಚೀಟಿಯನ್ನು ಪೆಟ್ಟಿಗೆಯೊಳಗೆ ಇಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಧ್ಯಾನದಿಂದ ತಮಗೆ ಆಗಬೇಕಾದ ಮೊದಲ ಉಪಕಾರವೆಂದರೆ, ಎದೆ ಡವಗುಟ್ಟದೆ ಆ ಚೀಟಿಯನ್ನು ತೆರೆದು, ಅಸಲೆಷ್ಟು ಬಡ್ಡಿಯೆಷ್ಟು ಎಂದು ನೋಡುವ ಸ್ಥೈರ್ಯ ಎಂದು ನಾನು ತಿಳಿದಿದ್ದೇನೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಮನೆಯಲ್ಲಿ ಕಷ್ಟವಿರುವವರಿಗೆ ‘ನಿಮ್ಮ ಆಲೋಚನೆ ಸರಿಯಿಲ್ಲದ್ದರಿಂದಲೇ ಬಡತನ ಬಂದಿದೆ’ ಎನ್ನುವುದು ಸತ್ಯವೂ ಅಲ್ಲ, ದಯೆಯೂ ಅಲ್ಲ. ಬಡ್ಡಿಯ ದರ, ಬಾರದ ಮಳೆ, ಆಸ್ಪತ್ರೆಯ ಖರ್ಚು ಇವು ಯಾರ ಆಲೋಚನೆಯಿಂದಲೂ ಹುಟ್ಟುವುದಿಲ್ಲ.

ಉತ್ತರ: ಉಪ್ಪಿನಕಾಯಿ ಮನೆ, ಬೆಂಗಳೂರು

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಗುರಿಯನ್ನು ದಿನವೂ ಬರೆಯುವ ಅಭ್ಯಾಸದಿಂದ ನನಗೆ ಧೈರ್ಯ ಬಂದದ್ದು ನಿಜ. ಮನೆಯಲ್ಲಿಯೇ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರುವ ನನ್ನಂಥವರಿಗೆ ‘ನಿನ್ನಿಂದ ಆಗುತ್ತದೆ’ ಎಂದು ಹೇಳುವವರು ಸುತ್ತಮುತ್ತ ಯಾರೂ ಇರುವುದಿಲ್ಲ. ಆ ನೋಟ್‌ಬುಕ್ ಅದನ್ನು ಹೇಳಿತು. ಎಲ್ಲ ಶಿಬಿರಗಳನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕಬಾರದೆಂದು ನನ್ನ ವಿನಂತಿ. ಶುಲ್ಕ ಕೊಟ್ಟು ಮುಂದಿನ ಹಂತಕ್ಕೆ ಹೋಗುವ ಅಗತ್ಯ ಮಾತ್ರ ನನಗೆ ಎಂದೂ ಕಾಣಲಿಲ್ಲ.

ಉತ್ತರ: ಉಪನಿಷತ್ ಪಾಠದ ವಿದ್ಯಾರ್ಥಿನಿ, ಮೈಸೂರು

ವಚನಾಭ್ಯಾಸಿಗಳು ಬರೆದದ್ದನ್ನು ಗೌರವದಿಂದ ಓದಿದೆ. ಆದರೆ ಸಹೋದರಿಯ ಮೊದಲ ಪ್ರಶ್ನೆ, ಬೇಡುವುದೇ ತಪ್ಪೇ ಎಂಬುದು, ಇನ್ನೂ ಉಳಿದಿದೆ. ತಂದೆಯವರ ಮಾತು ಅವರ ನಿಷ್ಠೆಗೆ ಸರಿಯಾದದ್ದೇ. ಬೇರೊಂದು ಪರಂಪರೆ ಇದನ್ನು ಹೇಗೆ ಕಂಡಿದೆ ಎಂಬುದನ್ನೂ ಅವರು ಕೇಳಲಿ.

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ‘ಆವಹಂತೀ ವಿತನ್ವಾನಾ’ ಎಂಬ ಮಂತ್ರವಿದೆ. ನಮ್ಮಲ್ಲಿ ಅನೇಕ ಹೋಮಗಳಲ್ಲಿ ಇದನ್ನು ಇಂದಿಗೂ ಹೇಳುತ್ತಾರೆ. ಬಟ್ಟೆ ಬೇಕು, ಹಸುಗಳು ಬೇಕು, ಅನ್ನಪಾನ ಸದಾ ಇರಬೇಕು, ಅಂಥ ಸಂಪತ್ತನ್ನು ತಂದುಕೊಡು ಎಂದು ಅಲ್ಲಿ ಋಷಿ ಯಾವ ಸಂಕೋಚವೂ ಇಲ್ಲದೆ ಕೇಳುತ್ತಾನೆ. ಗಮನಿಸಬೇಕಾದ್ದು ಎಂದರೆ, ಇದಕ್ಕೂ ಮೊದಲು ಅವನು ಮೇಧೆಯನ್ನು, ಅಂದರೆ ತಿಳಿದದ್ದನ್ನು ಹಿಡಿದಿಟ್ಟುಕೊಳ್ಳುವ ಬುದ್ಧಿಯನ್ನು ಬೇಡಿದ್ದಾನೆ. ದೇಹ ಕ್ಷಮವಾಗಿರಲಿ, ನಾಲಿಗೆ ಮಧುರವಾಗಿರಲಿ ಎಂದು ಕೇಳಿಕೊಂಡಿದ್ದಾನೆ. ಸಂಪತ್ತಿನ ಸರದಿ ಅದರ ನಂತರ ಬರುತ್ತದೆ. ಮೇಧೆಯಿಲ್ಲದವನಿಗೆ ಬಂದ ಸಿರಿ ಅನರ್ಥಕ್ಕೇ ಕಾರಣವಾಗುತ್ತದೆ ಎಂದು ಶಂಕರರು ತಮ್ಮ ಭಾಷ್ಯದಲ್ಲಿ ಈ ಕ್ರಮಕ್ಕೆ ಕಾರಣ ಕೊಟ್ಟಿದ್ದಾರೆ.

ಸಂಪತ್ತನ್ನು ಬೇಡಿದ ಮೇಲೆ ಋಷಿ ಸುಮ್ಮನಾಗುವುದಿಲ್ಲ. ಎಲ್ಲ ದಿಕ್ಕುಗಳಿಂದಲೂ ವಿದ್ಯಾರ್ಥಿಗಳು ನನ್ನ ಬಳಿಗೆ ಬರಲಿ ಎಂದು ಕೇಳುತ್ತಾನೆ. ಹಸು, ಬಟ್ಟೆ, ಅನ್ನ ಇವು ಬೇಕಾಗಿದ್ದುದು ಮನೆ ತುಂಬ ಬರುವ ಆ ವಿದ್ಯಾರ್ಥಿಗಳಿಗಾಗಿ ಎಂದು ನಾನು ಓದುತ್ತೇನೆ. ಸಹೋದರಿ ತಮ್ಮ ಗುರಿಯಲ್ಲಿ ‘ಇನ್ನಿಬ್ಬರಿಗೆ ಕೆಲಸ ಕೊಡಬೇಕು’ ಎಂದು ಬರೆದಿದ್ದಾರಲ್ಲ, ಆ ಸಾಲಿನಲ್ಲಿ ಈ ಮಂತ್ರದ ಆಶಯವೇ ಇದೆ. ಪಾಠ ಮುಗಿಸಿ ಹೊರಡುವ ಶಿಷ್ಯನಿಗೆ ಗುರು ಹೇಳುವ ಮಾತುಗಳಲ್ಲಿ, ಸತ್ಯದಿಂದ ಜಾರಬೇಡ, ಧರ್ಮದಿಂದ ಜಾರಬೇಡ ಎಂಬುದರ ಜೊತೆಗೆ ‘ಭೂತ್ಯೈ ನ ಪ್ರಮದಿತವ್ಯಮ್’ ಎಂಬುದೂ ಇದೆ. ಏಳಿಗೆಯ ವಿಷಯದಲ್ಲಿ ಅಜಾಗರೂಕನಾಗಬೇಡ ಎಂದರ್ಥ. ಮುಂದೆ ಭೃಗುವಲ್ಲಿಯಲ್ಲಿ ಅನ್ನವನ್ನು ಹೆಚ್ಚಿಸು, ಮನೆಗೆ ಬಂದವರನ್ನು ಹಿಂದಕ್ಕೆ ಕಳಿಸಬೇಡ ಎಂಬ ಎರಡನ್ನೂ ವ್ರತವೆಂದೇ ಕರೆದಿದ್ದಾರೆ.

ಇಷ್ಟು ದೂರ ಹೋಗಬೇಕೆಂದೂ ಇಲ್ಲ. ವರಮಹಾಲಕ್ಷ್ಮಿ ಹಬ್ಬದ ದಿನ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಕಿವಿಗೊಟ್ಟು ಕೇಳಿ. ಕ್ಷೇಮ, ಸ್ಥೈರ್ಯ, ಧೈರ್ಯ, ಆಯುಸ್ಸು, ಆರೋಗ್ಯ ಎಲ್ಲ ಆದ ಮೇಲೆ ಐಶ್ವರ್ಯ ಬರುತ್ತದೆ. ಬೇಡುವುದು ತಪ್ಪಲ್ಲ, ಸ್ಥೈರ್ಯಕ್ಕಿಂತ ಮೊದಲು ಐಶ್ವರ್ಯವನ್ನು ಬೇಡಿದರೆ ಅದನ್ನು ಹೊರುವ ಹೆಗಲು ಇರುವುದಿಲ್ಲ.

ಉತ್ತರ: ಕಿರಾಣಿ ವ್ಯಾಪಾರಿ, ಗದಗ

ತಂಗೀ, ಹಿರಿಯರೂ ವಿದ್ವಾಂಸರೂ ಹೇಳಿದ ಮೇಲೆ ನನಗೆ ಉಳಿದಿರುವುದು ಅಂಗಡಿಯ ಮಾತು. ನಮ್ಮದು ತಂದೆಯ ಕಾಲದಿಂದ ನಡೆದು ಬಂದ ಕಿರಾಣಿ ಅಂಗಡಿ.

ಸಂಜೆ ಬಾಗಿಲು ಹಾಕಿದ ಮೇಲೆ ಗಲ್ಲಾಪೆಟ್ಟಿಗೆಯನ್ನು ಎಣಿಸಿ ಕಿರ್ದಿ ಬರೆಯುವುದನ್ನೇ ನಾನು ನನ್ನ ಸಾಧನೆ ಎಂದು ತಿಳಿದಿದ್ದೇನೆ. ಅಂದಂದಿನ ರೊಕ್ಕ ಅಂದಂದಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಯಾರ ಮೇಲೂ ಸಿಟ್ಟು ಮಾಡದೆ ಮತ್ತೆ ಎಣಿಸಬೇಕು. ಕಿರ್ದಿಯ ಕೊನೆಯ ಪುಟದಲ್ಲಿ ಆ ದಿನ ಯಾರಿಗೆ ಏನು ಮಾತು ಕೊಟ್ಟೆ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯುತ್ತೇನೆ. ಕೊಟ್ಟ ಮಾತೂ ಒಂದು ಬಾಕಿಯೇ ಎಂದು ಭಾವಿಸುತ್ತೇನೆ. ಇದನ್ನು ಮಾಡಿದ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಬೆಳಿಗ್ಗೆ ದೇವರ ಮುಂದೆ ಕುಳಿತಾಗ ಅಂಗಡಿ ಅಡ್ಡ ಬರುವುದಿಲ್ಲ. ಪೂಜೆಯ ಹೊತ್ತಿಗೆ ಮನಸ್ಸು ಲೆಕ್ಕ ಹಾಕುತ್ತದೆಯೆಂದರೆ, ಲೆಕ್ಕಕ್ಕೆಂದು ಬೇರೆ ಹೊತ್ತನ್ನು ಕೊಟ್ಟಿಲ್ಲವೆಂದೇ ಅರ್ಥ.

ನಮ್ಮ ಕಡೆ ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಗಳಿಗೆ ಪೂಜೆ ಇರುತ್ತದೆ. ಹೊಸ ಖಾತೆ ಪುಸ್ತಕದ ಮೊದಲ ಪುಟಕ್ಕೆ ಅರಿಸಿನ ಕುಂಕುಮ ಹಚ್ಚಿ, ‘ಶುಭ’ ‘ಲಾಭ’ ಎಂದು ಬರೆದು ಆರಂಭಿಸುತ್ತೇವೆ. ನಮ್ಮ ತಂದೆಯವರು ಅದಕ್ಕೆ ಮೊದಲು ಹಳೆಯ ಉದ್ರಿ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತುಕೊಳ್ಳುತ್ತಿದ್ದರು. ಕೊಡಬಲ್ಲವರ ಹೆಸರಿನ ಮುಂದೆ ಒಂದು ಚುಕ್ಕೆ ಇಡುವರು. ಹಬ್ಬ ಮುಗಿದ ಮೇಲೆ ಅವರ ಮನೆಗೆ ಹೋಗಿ ಸಮಾಧಾನದಿಂದ ಕೇಳುವರು. ತೀರಿಹೋದವರು, ದುಡಿಯಲಾರದವರು ಇದ್ದರೆ ಆ ಸಾಲಿನ ಮೇಲೆ ನೇರವಾಗಿ ಗೆರೆ ಎಳೆದು, ಪಕ್ಕದಲ್ಲಿ ‘ಶಿವಾರ್ಪಣ’ ಎಂದು ಬರೆಯುವರು. ಆ ಹಣದ ಆಸೆಯನ್ನು ಹೊಸ ವರ್ಷದೊಳಗೆ ಹೊತ್ತುಕೊಂಡು ಹೋಗುತ್ತಿರಲಿಲ್ಲ. ಬರಬೇಕಾದ್ದನ್ನು ಬಿಡದೆ ಕೇಳುವುದು, ಬಾರದ್ದನ್ನು ಮನಸ್ಸಿನಿಂದ ಇಳಿಸುವುದು ಎರಡನ್ನೂ ಒಂದೇ ಪುಸ್ತಕದ ಮೇಲೆ ಅವರು ಮಾಡುತ್ತಿದ್ದರು. ಅಂಗಡಿ ಬೆಳೆದದ್ದು ಈ ಎರಡರಿಂದಲೂ ಎಂದು ನಾನು ನಂಬಿದ್ದೇನೆ.

ಇನ್ನು ತಮ್ಮ ಸಾಲ. ಬಡ್ಡಿ ಎಷ್ಟೆಂದು ತಾವು ಬರೆದಿಲ್ಲ. ತಿಂಗಳಿಗೆ ನೂರಕ್ಕೆ ಮೂರರಂತೆ ಇದ್ದರೆ ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ ಬಡ್ಡಿಯೇ ಆಗುತ್ತದೆ. ಇದನ್ನು ಯಾವ ಜಪವೂ ಕರಗಿಸುವುದಿಲ್ಲ. ಕಡಿಮೆ ಬಡ್ಡಿಯ ಸಾಲವನ್ನು ಹುಡುಕಬೇಕು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಸೇರಿದೆ. ಅದರಲ್ಲಿ ಅಡಮಾನವಿಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿಯವರೆಗೆ ಶೇಕಡ 5ರ ಬಡ್ಡಿಗೆ ಸಾಲ ಕೊಡುವ ವ್ಯವಸ್ಥೆ ಇದೆ. ಆ ಸಾಲ ಕಸುಬಿಗೆಂದು ಕೊಡುವುದು. ಅದರಿಂದ ಮಷೀನು, ಸಾಮಾನಿನ ಖರ್ಚು ನಿಂತರೆ ದುಡಿದ ರೊಕ್ಕವೆಲ್ಲ ಹಳೆಯ ಅಸಲಿನ ಕಡೆಗೆ ಹೋಗುತ್ತದೆ. ತಮಗೆ ಅನ್ವಯಿಸುತ್ತದೆಯೇ ಎಂದು ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ತೋರಿಸಿ ಕೇಳಬಹುದು. ಎರಡನೆಯ ಶಿಬಿರಕ್ಕೆಂದು ಎತ್ತಿಟ್ಟ ಶುಲ್ಕವನ್ನು ಮಾತ್ರ ಈ ವಾರವೇ ಅಸಲಿಗೆ ಕಟ್ಟಿಬಿಡಿ.

ಪ್ರಶ್ನೆ ಕೇಳಿದವರು: ಸೂಜಿದಾರ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನೂ ತೈತ್ತಿರೀಯದ ಮಂತ್ರದ ಅರ್ಥವನ್ನೂ ನಮ್ಮ ತಂದೆಯವರಿಗೆ ಓದಿ ಹೇಳಿದೆ. ‘ಲಕ್ಕಮ್ಮ ಅಕ್ಕಿ ಅಳೆದ ಹಾಗೆ ನೀನು ಬಟ್ಟೆಯನ್ನು ಅಳೆ, ಮಿಕ್ಕಿದ್ದನ್ನು ಆಮೇಲೆ ಮಾತಾಡೋಣ’ ಎಂದರು. ಉಳಿದ ಬಟ್ಟೆಯನ್ನು ರವಿಕೆಯ ಜೊತೆಗೇ ಮಡಚಿ ಕೊಡಬೇಕೆಂದು ನಮ್ಮ ಹುಡುಗಿಯರಿಗೆ ಹೇಳಿದ್ದೇನೆ. ಬಡ್ಡಿ ಗದಗಿನ ಅಣ್ಣನವರು ಊಹಿಸಿದಷ್ಟೇ ಇದೆ. ಎರಡನೆಯ ಹಂತಕ್ಕೆ ಬರುವುದಿಲ್ಲವೆಂದು ಶಿಬಿರದವರಿಗೆ ತಿಳಿಸಿದ್ದೇನೆ.

ಒಂದು ಸಂದೇಹ ಉಳಿದಿದೆ. ದುಡಿದದ್ದರಲ್ಲಿ ಒಂದು ಭಾಗ ದಾಸೋಹಕ್ಕೆ ಎನ್ನುತ್ತಾರೆ. ಮೇಲೆ ಸಾಲವಿರುವಾಗ ದಾಸೋಹಕ್ಕೆ ಹಣ ತೆಗೆದಿಡುವುದು ಸರಿಯೇ? ತೆಗೆದಿಡದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ, ತೆಗೆದಿಟ್ಟರೆ ಅದು ಸಾಲ ಕೊಟ್ಟವರ ಹಣವೆಂದು ಅನ್ನಿಸುತ್ತದೆ.

ಉತ್ತರ: ವಚನಾಭ್ಯಾಸಿ, ಧಾರವಾಡ

ಸತ್ಯಶುದ್ಧ ಕಾಯಕದಿಂದ ಬಂದದ್ದು ಮಾತ್ರ ದಾಸೋಹಕ್ಕೆ ಸಲ್ಲುತ್ತದೆ ಎಂಬುದು ಶರಣರ ನಿಲುವು. ಕೊಡಬೇಕಾದವರಿಗೆ ಕೊಡದೆ ಉಳಿಸಿಕೊಂಡ ಹಣ ಆ ಮಾತಿನೊಳಗೆ ಬರುವುದಿಲ್ಲವೆಂದು ನನ್ನ ತಿಳಿವಳಿಕೆ. ಆದ್ದರಿಂದ ತಮಗೆ ಬಂದಿರುವ ಸಂದೇಹ ಸರಿಯಾದದ್ದೇ. ಆದರೆ ದಾಸೋಹವೆಂದರೆ ಹಣವೊಂದೇ ಅಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಶಿಕ್ಷಣ ಉಚಿತವಾಗಿ ನಡೆದು ಬಂದಿದೆ. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸುತ್ತಣ ಹಳ್ಳಿಗಳ ರೈತರು ಹಣವಿಲ್ಲದಿದ್ದರೂ ರಾಗಿ, ತರಕಾರಿ, ಸೌದೆಯನ್ನು ತಂದು ಅಲ್ಲಿಗೆ ಒಪ್ಪಿಸುತ್ತಿದ್ದರು. ತಮ್ಮಲ್ಲಿರುವುದು ಕಸುಬು. ಸಾಲ ತೀರುವವರೆಗೆ, ಕಲಿಯಬೇಕೆಂದು ಬರುವ ಒಬ್ಬ ಹುಡುಗಿಗೆ ಶುಲ್ಕವಿಲ್ಲದೆ ಅಳತೆ ತೆಗೆಯುವುದನ್ನೂ ಕತ್ತರಿಸುವುದನ್ನೂ ಕಲಿಸಿ. ಇನ್ನಿಬ್ಬರಿಗೆ ಕೆಲಸ ಕೊಡುವ ತಮ್ಮ ಗುರಿಯೂ ಅಲ್ಲಿಂದಲೇ ಆರಂಭವಾದಂತಾಗುತ್ತದೆ.

ಉತ್ತರ: ಕಿರಾಣಿ ವ್ಯಾಪಾರಿ, ಗದಗ

ಹಿರಿಯರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ಒಂದನ್ನು ಮಾತ್ರ ಸೇರಿಸುತ್ತೇನೆ. ಸಾಲ ಕೊಟ್ಟವರ ಬಳಿಗೆ ಹೋಗುವಾಗ ಒಬ್ಬರೇ ಹೋಗಬೇಡಿ, ತಂದೆಯವರನ್ನು ಕರೆದುಕೊಂಡು ಹೋಗಿ. ಕಟ್ಟಿದ ಪ್ರತಿ ಕಂತಿಗೂ ಅಸಲೆಷ್ಟು, ಬಡ್ಡಿಯೆಷ್ಟು ಎಂದು ಬೇರೆ ಬೇರೆ ಬರೆಸಿ, ಅವರ ಸಹಿ ಮಾಡಿಸಿಕೊಂಡು ಬನ್ನಿ. ಅಂದಿನ ಕಿರ್ದಿಯಲ್ಲಿ ಅದೇ ಮೊದಲ ಸಾಲಾಗಿರಲಿ.